ಬಕೆಟ್ಟು ಒದ್ದ ಅಜ್ಜನೂ ಕೈಕೊಟ್ಟ ಚಿಕ್ಕಪ್ಪನೂ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ಇಂಗ್ಲಿಷಿನ ವಿಷಯ ಮಾತನಾಡುತ್ತೇನೆಂದಾಗ ನಮ್ಮ ಕಾರ್ಯದರ್ಶಿಗಳು ಒಂದು ಕ್ಷಣ ಗಾಬರಿಯಾದರು. “ಕನ್ನಡದ ಹಬ್ಬದಲ್ಲಿ ಇಂಗ್ಲಿಷ್ ಏಕೆ ಮಾಸ್ತರರೇ?” ಎಂದು ಮೆಲ್ಲನೆ ಕೇಳಿದರು. “ಕೊನೆಗೆ ಕನ್ನಡಕ್ಕೇ ಬಂದು ಸೇರುತ್ತೇನೆ, ದಾರಿ ಮಾತ್ರ ಸ್ವಲ್ಪ ಸುತ್ತು” ಎಂದು ಮಾತು ಕೊಟ್ಟು ಬಂದಿದ್ದೇನೆ. ಆ ಮಾತು ಉಳಿಸಿಕೊಳ್ಳುವೆನೋ ಇಲ್ಲವೋ ನೀವೇ ನೋಡಬೇಕು.

ನಾನು ಈ ಮುಂಬಯಿಯ ಒಂದು ಕನ್ನಡ ರಾತ್ರಿ ಶಾಲೆಯಲ್ಲಿ ಬಹಳ ವರ್ಷ ಇಂಗ್ಲಿಷ್ ಕಲಿಸಿದವನು. ನನ್ನ ಶಿಷ್ಯರೆಂದರೆ ಹಗಲೆಲ್ಲ ಹೋಟೆಲುಗಳಲ್ಲಿ ತಟ್ಟೆ ಲೋಟ ಹೊತ್ತವರು, ಕಚೇರಿಗಳಲ್ಲಿ ಫೈಲು ಹೊತ್ತವರು. ಹೆಚ್ಚಿನವರು ದಕ್ಷಿಣ ಕನ್ನಡದ ಹುಡುಗರು. ರಾತ್ರಿ ಎಂಟಕ್ಕೆ ತರಗತಿಗೆ ಬಂದು ಕೂತರೆ ಅವರ ಕಣ್ಣಿಗೆ ಮೊದಲು ಬರುತ್ತಿದ್ದುದು ನಿದ್ದೆ, ಇಂಗ್ಲಿಷು ಆಮೇಲೆ. ಆ ನಿದ್ದೆಯನ್ನು ಓಡಿಸಲು ನಾನು ಕಂಡುಕೊಂಡ ಉಪಾಯವೇ ಮಾತಿನ ಆಟ.

ಒಂದು ದಿನ ಕೇಳಿದೆ: “ವೇಟ್ ಎಂದರೆ ಕಾಯುವುದು. ಹೋಟೆಲಿನಲ್ಲಿ ತಿಂಡಿಗಾಗಿ ಕಾಯುವವನು ಗಿರಾಕಿ. ಹಾಗಿದ್ದರೆ ವೇಟರ್ ಯಾರು?” ತರಗತಿ ಎಚ್ಚರಾಯಿತು. ಹಿಂದಿನ ಬೆಂಚಿನಿಂದ ಒಬ್ಬ ಎದ್ದು, “ಮಾಸ್ಟ್ರೇ, ನಮ್ಮಲ್ಲಿ ಒಲೆಯ ಮೇಲೆ ನೀರೂ ಕಾಯುತ್ತದೆ!” ಎಂದ. ಎಲ್ಲರೂ ಹೋ ಎಂದು ನಕ್ಕರು. ಶ್ಲೇಷೆ ಎಂದರೇನೆಂದು ನಾನು ಆಮೇಲೆ ವಿವರಿಸಬೇಕಾಗಲೇ ಇಲ್ಲ.

ಇಂಗ್ಲಿಷಿನಲ್ಲಿ ಬರೆಯುವುದು ಒಂದು, ಓದುವುದು ಇನ್ನೊಂದು. ಅದರಿಂದ ನಮಗೆ ಸಂಕಟ, ಅವರ ಶ್ಲೇಷೆಗೆ ಸುಗ್ಗಿ. ನೈಟ್ ಎಂದರೆ ರಾತ್ರಿ. ಮುಂದೆ ಒಂದು ಕೆ ಅಕ್ಷರ ಅಂಟಿಸಿದರೆ ಕುದುರೆಯೇರಿದ ವೀರಯೋಧ. ಕಿವಿಗೆ ಎರಡೂ ಒಂದೇ. ಹಿಂದಿನ ಕಾಲದಲ್ಲಿ ಇಂಗ್ಲಿಷರು ಆ ಕೆ ಅಕ್ಷರವನ್ನು ನಿಜವಾಗಿಯೂ ಉಚ್ಚರಿಸುತ್ತಿದ್ದರು. 1476ರ ಸುಮಾರಿಗೆ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿನಲ್ಲಿ ಅಚ್ಚುಕೂಟ ಹಾಕಿದ ಮೇಲೆ ಬರವಣಿಗೆ ಬರಬರುತ್ತ ಒಂದು ಕಟ್ಟಿಗೆ ನಿಂತಿತು. ನಾಲಿಗೆ ಮಾತ್ರ ನಿಲ್ಲದೆ ಮುಂದೆ ಹೋಯಿತು. ಈ ಕಥೆ ಹೇಳಿ, “ನಮ್ಮದು ನೈಟ್ ಸ್ಕೂಲ್. ಬೇಕಾದರೆ ಮುಂದೆ ಕೆ ಸೇರಿಸಿಕೊಳ್ಳಿ, ವೀರಯೋಧರ ಶಾಲೆಯಾಗುತ್ತದೆ” ಎಂದೆ. ಹದಿನಾಲ್ಕು ಗಂಟೆ ದುಡಿದು ಪುಸ್ತಕ ಹಿಡಿದು ಬಂದವರಿಗೆ ಆ ಬಿರುದು ಹೆಚ್ಚೇನಲ್ಲ.

ಆಕ್ಸ್‌ಫರ್ಡಿನಲ್ಲಿ ಸ್ಪೂನರ್ ಎಂಬ ಪಂಡಿತರಿದ್ದರು, 1930ರಲ್ಲಿ ತೀರಿಕೊಂಡರು. ಎರಡು ಪದಗಳ ಮೊದಲಕ್ಷರಗಳು ಅವರ ಬಾಯಲ್ಲಿ ಅದಲು ಬದಲಾಗುತ್ತಿದ್ದುವೆಂದು ಪ್ರತೀತಿ. ಅವರ ಹೆಸರಿನಲ್ಲಿ ಓಡಾಡುವ ಎಷ್ಟೋ ಮಾತುಗಳು ಅವರ ಶಿಷ್ಯರೂ ಇತರರೂ ಕಟ್ಟಿದ್ದು. ಆದರೂ ಅಂಥ ತೊದಲಿಗೆ ಇಂಗ್ಲಿಷಿನಲ್ಲಿ ಸ್ಪೂನರಿಸಂ ಎಂಬ ಹೆಸರೇ ನಿಂತಿತು. ಬಟರ್‌ಫ್ಲೈ ಎಂಬುದು ಫ್ಲಟರ್‌ಬೈ ಆದ ಹಾಗೆ. ಮರುದಿನವೇ ನನ್ನ ಹುಡುಗರು ಹೋಟೆಲಿನಲ್ಲಿ ಪ್ರಯೋಗ ಆರಂಭಿಸಿದರು. ಗಿರಾಕಿ “ಬಿಸಿ ನೀರು” ಎಂದರೆ ಇವನು ಒಳಗೆ ಕೂಗಿದ್ದು “ನಿಸಿ ಬೀರು!” ಮಾಲಿಕರು ಹೊರಗೆ ಓಡಿ ಬಂದರಂತೆ.

ಇಷ್ಟು ಆಟದ ಮಾತಾಯಿತು. ಇನ್ನು ನುಡಿಗಟ್ಟಿಗೆ ಬರೋಣ. ನುಡಿಗಟ್ಟು ಎಂದರೆ ಹೆಸರೇ ಹೇಳುವಂತೆ ಕಟ್ಟಿದ ನುಡಿ. ಬಿಚ್ಚಿ ಬಿಡಿಬಿಡಿಯಾಗಿ ಅರ್ಥ ಹುಡುಕಿದರೆ ಕೈಗೆ ಏನೂ ಸಿಗದು. ಜೋರು ಮಳೆ ಬಂದರೆ ಇಂಗ್ಲಿಷರಿಗೆ ಬೆಕ್ಕು ನಾಯಿಗಳು ಸುರಿಯುತ್ತವೆ. ಯಾವ ಬೆಕ್ಕು, ಯಾವ ನಾಯಿ ಎಂಬುದಕ್ಕೆ ಅನೇಕ ಕಥೆಗಳಿವೆ, ಒಂದಕ್ಕೂ ಆಧಾರವಿಲ್ಲ. 1738ರಲ್ಲಿ ಜೋನಾಥನ್ ಸ್ವಿಫ್ಟ್ ದೊಡ್ಡ ಮನೆಗಳವರ ಸವಕಲು ಮಾತುಗಳನ್ನು ಗೇಲಿ ಮಾಡಿ ಬರೆದ ಪುಸ್ತಕದಲ್ಲಿಯೂ ಈ ಮಾತು ಉಂಟು. ಅಂದರೆ ಅಷ್ಟು ಹೊತ್ತಿಗೇ ಅದು ಹಳತಾಗಿತ್ತು. ನಮ್ಮ ನೆರೆಯ ಮರಾಠಿಗರು ಅದೇ ಮಳೆಗೆ ‘ಮುಸಳಧಾರ್’ ಎನ್ನುತ್ತಾರೆ, ಎಂದರೆ ಒನಕೆ ಗಾತ್ರದ ಧಾರೆ. ನಮ್ಮದು ಕುಂಭದ್ರೋಣ ಮಳೆ. ಕುಂಭವೆಂದರೆ ಕೊಡ, ದ್ರೋಣವೆಂಬುದು ಹಿಂದಿನ ಕಾಲದ ಒಂದು ಅಳತೆ. ಮಳೆ ಒಂದೇ, ಒಬ್ಬರಿಗೆ ಪ್ರಾಣಿ, ಒಬ್ಬರಿಗೆ ಒನಕೆ, ಒಬ್ಬರಿಗೆ ಕೊಡ!

ಅಪರೂಪಕ್ಕೆ ಬರುವವನನ್ನು ಇಂಗ್ಲಿಷರು ‘ನೀಲಿ ಚಂದ್ರನಿಗೊಮ್ಮೆ’ ಬರುವವನೆನ್ನುತ್ತಾರೆ. ಒಂದೇ ತಿಂಗಳಲ್ಲಿ ಎರಡನೆಯ ಸಲ ಬರುವ ಹುಣ್ಣಿಮೆಗೆ ಈಗ ಆ ಹೆಸರು. ಅದು ಎರಡು ಮೂರು ವರ್ಷಕ್ಕೊಮ್ಮೆ ಬರುತ್ತದೆ. ನಾವು ‘ಅಮಾವಾಸ್ಯೆಗೋ ಹುಣ್ಣಿಮೆಗೋ’ ಎನ್ನುತ್ತೇವೆ. ಲೆಕ್ಕ ಹಿಡಿದರೆ ನಮ್ಮದು ಹದಿನೈದು ದಿನಕ್ಕೊಮ್ಮೆ ಬಂದೇ ಬರುತ್ತದೆ! ಆದರೆ ನುಡಿಗಟ್ಟಿನ ಮನೆಯಲ್ಲಿ ಪಂಚಾಂಗ ನಡೆಯುವುದಿಲ್ಲ.

ಸಮುದ್ರದ ನಡುವಿನ ಜನ ಇಂಗ್ಲಿಷರು. ಕೆಲಸದ ಮರ್ಮ ತಿಳಿಯುವುದಕ್ಕೆ ‘ಹಗ್ಗಗಳನ್ನು ಕಲಿಯುವುದು’ ಎನ್ನುತ್ತಾರೆ, ಹಡಗಿನ ಹಗ್ಗ. ನಾವು ಹೊಲ ಮನೆ ಅಡಿಗೆಯ ಜನ. ಸುದ್ದಿಗೆ ಒಗ್ಗರಣೆ ಹಾಕುತ್ತೇವೆ. ಉಪಾಯ ಫಲಿಸದಿದ್ದರೆ ಬೇಳೆ ಬೇಯಲಿಲ್ಲ ಎನ್ನುತ್ತೇವೆ. ಹೋಟೆಲು ಹುಡುಗರಿಗೆ ಇದನ್ನು ವಿವರಿಸಬೇಕೆ? ಬೇಳೆ ಬೇಯದ ದಿನ ಬೈಸಿಕೊಳ್ಳುತ್ತಿದ್ದವರೇ ಅವರು.

ಈಗ ನನ್ನ ತಪ್ಪಿನ ಕಥೆ. 1972ರ ಸುಮಾರು. ಪರೀಕ್ಷೆ ಹತ್ತಿರ ಬಂದಿತ್ತು. ಆಟಕ್ಕೆ ಹೊತ್ತಿಲ್ಲವೆಂದು ಒಂದು ರಾತ್ರಿ ಐವತ್ತು ಇಂಗ್ಲಿಷ್ ನುಡಿಗಟ್ಟುಗಳನ್ನು ಅರ್ಥಸಹಿತ ಬರೆಯಿಸಿಬಿಟ್ಟೆ. ‘ಬಕೆಟ್ಟು ಒದೆಯುವುದು’ ಎಂದರೆ ‘ಸಾಯುವುದು’ ಎಂದೂ ಬರೆಯಿಸಿದೆ. ಅದೇ ವಾರ ಒಬ್ಬ ಹುಡುಗನಿಗೆ ಊರಿನಿಂದ ತಂತಿ ಬಂತು: ಅವನನ್ನು ಸಾಕಿ ಬೆಳೆಸಿದ ಅಜ್ಜ ಹೋಗಿಬಿಟ್ಟಿದ್ದರು. ಅವನು ಕಚೇರಿಯೊಂದರಲ್ಲಿ ಜವಾನ. ಅಷ್ಟರವರೆಗೆ ರಜೆಯ ಅರ್ಜಿಯನ್ನು ಯಾರಿಂದಲಾದರೂ ಬರೆಯಿಸುತ್ತಿದ್ದವನು ಅಂದು ಮೊದಲ ಬಾರಿ ತಾನೇ ಬರೆದ. ‘ನನ್ನ ಅಜ್ಜ ಬಕೆಟ್ಟು ಒದ್ದಿದ್ದಾರೆ, ಹತ್ತು ದಿನ ರಜೆ ದಯಪಾಲಿಸಬೇಕು.’ ವ್ಯಾಕರಣ ಒಂದಿಷ್ಟೂ ತಪ್ಪಿಲ್ಲ. ರಜೆಯೂ ಸಿಕ್ಕಿತು. ಆದರೆ ಆ ಕಾಗದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಯಿತು, ಹೋದಲ್ಲೆಲ್ಲ ನಗೆ. ಹುಡುಗ ಅಲ್ಲೇ ಬಾಗಿಲ ಬಳಿ ನಿಂತಿದ್ದ.

ಊರಿಗೆ ಹೊರಡುವ ಮುನ್ನ ನನ್ನಲ್ಲಿಗೆ ಬಂದು, “ಮಾಸ್ಟ್ರೇ, ಅರ್ಥ ಸರಿಯಾಗಿಯೇ ಉಂಟಲ್ಲ, ಮತ್ತೆ ಯಾಕೆ ನಕ್ಕರು?” ಎಂದು ಕೇಳಿದ. ನಾನು ಏನು ಹೇಳಲಿ? “ಅಜ್ಜ ಗೊಟಕ್ಕೆಂದ ಎಂದು ನೀನು ಕನ್ನಡದಲ್ಲಿ ಬರೆಯುತ್ತಿದ್ದೆಯಾ?” ಎಂದೆ. ಅವನು ಬೆಚ್ಚಿದ. “ಛೆ! ತೀರಿಕೊಂಡರು ಎಂದು ಬರೆಯುತ್ತಿದ್ದೆ.” “ಅದನ್ನು ನಿನಗೆ ಯಾರು ಕಲಿಸಿದರು?” ಸ್ವಲ್ಪ ಯೋಚಿಸಿ, “ಯಾರೂ ಇಲ್ಲ” ಎಂದ.

ಬಂಧುಗಳೇ, ನಾನು ಕಲಿತ ಪಾಠ ಅದು. ನುಡಿಗಟ್ಟಿನ ಅರ್ಥ ಪುಸ್ತಕದಲ್ಲಿರುತ್ತದೆ. ಅದರ ಮರ್ಯಾದೆ ಮನೆಯಲ್ಲಿರುತ್ತದೆ. ಆ ಬಕೆಟ್ಟಿನ ಮಾತು 1785ರಲ್ಲಿ ಫ್ರಾನ್ಸಿಸ್ ಗ್ರೋಸ್ ಎಂಬಾತ ಲಂಡನ್ನಿನಲ್ಲಿ ಹೊರತಂದ ಬೀದಿಮಾತಿನ ನಿಘಂಟಿನಲ್ಲೇ ಸೇರಿದ್ದು. ಇಂಗ್ಲಿಷರ ಮಗುವಿಗೆ ಅದು ಬೀದಿಯ ಮಾತೆಂದು ತಾನೇ ತಿಳಿಯುತ್ತದೆ. ನನ್ನ ಹುಡುಗನಿಗೆ ಹೇಳಬೇಕಾದವನು ನಾನು; ಹೇಳಲಿಲ್ಲ.

ಅವನು ಊರಿನಿಂದ ಮರಳಿದ ಮೇಲೆ ತರಗತಿಯ ಕ್ರಮ ಬದಲಾಯಿಸಿದೆ. ಪ್ರತಿ ನುಡಿಗಟ್ಟಿಗೂ ಮೂರು ಪ್ರಶ್ನೆ: ಅರ್ಥವೇನು? ಯಾರು ಯಾರಿಗೆ ಹೇಳುವ ಮಾತು? ಎಲ್ಲಿ ಹೇಳಬಾರದು? ನಾಲ್ಕನೆಯ ಪ್ರಶ್ನೆಯನ್ನು ತನ್ನ ಪುಸ್ತಕದಲ್ಲಿ ಆ ಹುಡುಗನೇ ಸೇರಿಸಿಕೊಂಡ: ನಮ್ಮ ಮನೆಯಲ್ಲಿ ಏನೆನ್ನುತ್ತಾರೆ? ‘ಗಿವ್ ಎ ಹ್ಯಾಂಡ್’ ಎಂಬುದರ ಎದುರು ಅವನು ಬರೆದದ್ದು ನನಗೆ ಇಂದಿಗೂ ನೆನಪಿದೆ: ‘ಕೈಕೊಡು ಅಲ್ಲ! ಕೈಜೋಡಿಸು.’ ಇಂಗ್ಲಿಷರು ಕೈ ಕೊಟ್ಟರೆ ಸಹಾಯ. ಇಂದಿನ ಕನ್ನಡದಲ್ಲಿ ಕೈಕೊಟ್ಟರೆ ನಡುನೀರಿನಲ್ಲಿ ಬಿಟ್ಟು ಹೋದಂತೆ.

ಈ ಸಣ್ಣ ಟಿಪ್ಪಣಿಯನ್ನು ನಾನು ಮರೆತೇ ಬಿಟ್ಟಿದ್ದೆ. ಹೋದ ವರ್ಷ ನಮ್ಮ ಮನೆಯ ಒಂದು ಮದುವೆಯಲ್ಲಿ ಅದು ಎದ್ದು ಬಂತು. ನನ್ನ ಮೊಮ್ಮಗಳು ಈ ಊರಲ್ಲೇ ಹುಟ್ಟಿದವಳು, ಇಂಗ್ಲಿಷ್ ಶಾಲೆಯವಳು. ಅಕ್ಕನ ಆರತಕ್ಷತೆಯಲ್ಲಿ ಯಾರೂ ಕೇಳದಿದ್ದರೂ ತಾನೇ ಮೈಕು ಹಿಡಿದು ಕನ್ನಡದಲ್ಲಿ ವಂದನೆ ಹೇಳಿದಳು. ಎಂಟು ದಿನ ರಜೆ ಹಾಕಿ ಮದುವೆಯ ಭಾರವನ್ನೆಲ್ಲ ಹೊತ್ತವನು ಅವಳ ಚಿಕ್ಕಪ್ಪ. ಅವನ ಕಡೆ ತಿರುಗಿ, “ಚಿಕ್ಕಪ್ಪ ಎಂಟು ದಿನವೂ ನಮಗೆ ಕೈಕೊಟ್ಟರು. ಅದಕ್ಕೇ ಈ ಮದುವೆ ಇಷ್ಟು ಚೆನ್ನಾಗಿ ಆಯಿತು” ಎಂದಳು.

ಮಂಟಪವೆಲ್ಲ ನಕ್ಕಿತು. ಚಿಕ್ಕಪ್ಪನೇ ಎಲ್ಲರಿಗಿಂತ ಹೆಚ್ಚು ನಕ್ಕ. ಅದು ಪ್ರೀತಿಯ ನಗೆ. ಆದರೆ ಹಿರಿಯರೊಬ್ಬರು, “ಇದೇನು ಕನ್ನಡವೋ!” ಎಂದು ಎಲ್ಲರಿಗೂ ಕೇಳುವಂತೆ ಅಂದರು. ಅವಳ ಮುಖ ಸಣ್ಣದಾಯಿತು. ಮನೆಗೆ ಬಂದ ಮೇಲೆ ನನ್ನ ಬಳಿ ಕುಳಿತು, “ಅಜ್ಜ, ಇನ್ನು ಮೇಲೆ ನಾನು ಎಲ್ಲರೆದುರು ಇಂಗ್ಲಿಷೇ ಮಾತಾಡ್ತೇನೆ. ಅದರಲ್ಲಿ ಯಾರೂ ನಗುವುದಿಲ್ಲ” ಎಂದಳು. ಐವತ್ತು ವರ್ಷದ ಹಿಂದೆ ಬಾಗಿಲ ಬಳಿ ನಿಂತ ಹುಡುಗ ನನ್ನ ಕಣ್ಣ ಮುಂದೆ ಬಂದ. ಅವನಿಗೆ ಇಂಗ್ಲಿಷು ಎಲ್ಲಿತ್ತೋ, ಇವಳಿಗೆ ಕನ್ನಡ ಅಲ್ಲಿದೆ.

ಕನ್ನಡ ಉಳಿಯಬೇಕು ಎಂದು ಈ ವೇದಿಕೆಯಿಂದ ನಾವು ಪ್ರತಿ ನವೆಂಬರಿನಲ್ಲಿ ಹೇಳುತ್ತೇವೆ. ಅದು ಹೇಗೆ ಹೋಗುತ್ತದೆಂಬುದನ್ನು ನಾನು ಅಂದು ಕಣ್ಣಾರೆ ಕಂಡೆ. ಯಾರೂ ಕಸಿದುಕೊಂಡು ಹೋಗುವುದಿಲ್ಲ. ತಪ್ಪಾಡಿದ ಒಂದು ಮಗು ಬಾಯಿ ಮುಚ್ಚಿಕೊಳ್ಳುತ್ತದೆ, ಅಷ್ಟೆ. ನಗಬೇಡಿ ಎಂದು ನಾನು ಹೇಳುವುದಿಲ್ಲ. ಕೈಲಾಸಂ ಅವರು ಕನ್ನಡಕ್ಕೂ ಇಂಗ್ಲಿಷಿಗೂ ಗಂಟು ಹಾಕಿ ನಮ್ಮನ್ನು ನಗಿಸಿದರು, ನಾ. ಕಸ್ತೂರಿಯವರು ಪದಗಳ ಅರ್ಥ ಕೆಡಿಸಿಯೇ ‘ಅನರ್ಥಕೋಶ’ ಕಟ್ಟಿದರು. ಅದು ಮಾತಿನ ಜತೆಗಿನ ನಗೆ. ರಾತ್ರಿ ಶಾಲೆಯಲ್ಲಿ ನಾವು ನಕ್ಕದ್ದೂ ಇಂಗ್ಲಿಷಿನ ಚೇಷ್ಟೆಗೆ. ಕಲಿಯುವವನನ್ನು ನೋಡಿ ಅಲ್ಲ. ಅದಕ್ಕೇ ಅವರು ಕಲಿತರು. ಮಗು ತಪ್ಪಾಡಿದಾಗ ನಗೋಣ, ಕೂಡಲೇ ಹತ್ತಿರ ಕೂರಿಸಿಕೊಂಡು ಆ ಮಾತಿನ ಕಥೆ ಹೇಳೋಣ. ಮೂಗು ಮುರಿಯುವುದಕ್ಕೆ ಆಸ್ಪತ್ರೆ ಬೇಡ, ಹೊಟ್ಟೆಕಿಚ್ಚಿಗೆ ಔಷಧಿಯಂಗಡಿಯಲ್ಲಿ ಗುಳಿಗೆಯಿಲ್ಲ ಎಂದು ಹೇಳಿದರೆ ಯಾವ ಮಗು ನಗದೆ ಇದ್ದೀತು?

ನಾನು ಮೊಮ್ಮಗಳಿಗೆ ಒಂದು ನೋಟುಪುಸ್ತಕ ತಂದುಕೊಟ್ಟೆ. ಹಳೆಯ ಹುಡುಗನ ಅದೇ ನಾಲ್ಕು ಪ್ರಶ್ನೆಗಳು. ಈಗ ಕನ್ನಡದ ನುಡಿಗಟ್ಟು ಮೊದಲು, ಇಂಗ್ಲಿಷಿನದು ಕೊನೆಗೆ. ದಿನಕ್ಕೊಂದು ಮಾತು, ರಾತ್ರಿ ಊಟದ ಹೊತ್ತಿಗೆ. ಅವಳಜ್ಜಿಯೇ ನಿಘಂಟು. ಸಂಘದಲ್ಲಿಯೂ ತಿಂಗಳಿಗೊಂದು ಸಂಜೆ ಅಜ್ಜ ಅಜ್ಜಿಯರನ್ನೂ ಮಕ್ಕಳನ್ನೂ ಕೂರಿಸಿ ಈ ಆಟ ಆಡಿಸಬಹುದೆಂದು ಕಾರ್ಯದರ್ಶಿಗಳಲ್ಲಿ ನನ್ನ ಬಿನ್ನಹ. ಖರ್ಚು ಚಹದ್ದು ಮಾತ್ರ.

ಇಷ್ಟು ಹೊತ್ತು ನನಗೆ ಕಿವಿಗೊಟ್ಟಿರಿ. ಕಿವಿ ಕೊಡುವುದು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಒಂದೇ ಅರ್ಥ, ಭಯವಿಲ್ಲ. ಕೈ ಮಾತ್ರ ಕೊಡಬೇಡಿ, ಜೋಡಿಸಿ.