ಕರಿಕಲ್ಲಿನ ಕೆಳಗಿನ ಪ್ರಾಣಿಗಳು



ವಿಜಯಪುರದ ಗೋಲಗುಂಬಜವನ್ನು ಕಟ್ಟಿದ ಕರಿಕಲ್ಲಾಗಲಿ, ಅದರ ಸುತ್ತಲಿನ ಹೊಲಗಳ ಎರೆಮಣ್ಣಾಗಲಿ ಒಂದಾನೊಂದು ಕಾಲಕ್ಕೆ ಕುದಿಯುವ ಲಾವಾ ಆಗಿತ್ತು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಉಕ್ಕಿದ ಆ ಲಾವಾ ಪದರದ ಮೇಲೆ ಪದರವಾಗಿ ಹರಡಿತು. ಸವೆದು ಉಳಿದಿರುವುದೇ ಸುಮಾರು 5 ಲಕ್ಷ ಚದರ ಕಿಲೊಮೀಟರು. ಈ ಕಲ್ಲಿಗೂ ಭಾರತದ ಡೈನೊಸಾರ್‌ಗಳಿಗೂ ಇರುವ ನಂಟು ವಿಚಿತ್ರವಾದುದು. ಅವುಗಳನ್ನು ಕೊಂದ ಆರೋಪ ಇದರ ಮೇಲಿದೆ. ಅವುಗಳ ಎಲುಬುಗಳನ್ನು ಮುಚ್ಚಿ ಕಾದದ್ದೂ ಇದೇ.

ಲಾವಾ ಹರಿಯುವ ಮುನ್ನ ಇಂದಿನ ನರ್ಮದೆಯ ಆಸುಪಾಸಿನಲ್ಲಿ ಮರಳು, ಜೇಡಿ, ಸುಣ್ಣದ ಕೆಸರು ಸಂಗ್ರಹಗೊಂಡಿದ್ದವು. ಭೂವಿಜ್ಞಾನಿಗಳು ಇವನ್ನು ಲಮೇಟಾ ಸ್ತರಗಳೆಂದು ಕರೆಯುತ್ತಾರೆ. 1828ರಲ್ಲಿ ಜಬಲ್ಪುರದ ಬಳಿಯ ಗುಡ್ಡವೊಂದರಲ್ಲಿ ಕ್ಯಾಪ್ಟನ್ ಸ್ಲೀಮನ್‌ಗೆ ಕೆಲವು ದೊಡ್ಡ ಎಲುಬುಗಳು ಸಿಕ್ಕವು. ಮುಂದೆ ಠಗ್ಗರನ್ನು ಅಡಗಿಸಿ ಹೆಸರಾದ ಸ್ಲೀಮನ್‌ನೇ ಈತ. ಆಗಿನ್ನೂ ಡೈನೊಸಾರ್ ಎಂಬ ಶಬ್ದವೇ ಹುಟ್ಟಿರಲಿಲ್ಲ. ಇಂಗ್ಲೆಂಡಿನ ರಿಚರ್ಡ್ ಓವನ್ ಅದನ್ನು ಬಳಕೆಗೆ ತಂದದ್ದು 1842ರಲ್ಲಿ. ಎಲುಬುಗಳು ಕಲ್ಕತ್ತೆ ಸೇರಿದವು. 1877ರಲ್ಲಿ ರಿಚರ್ಡ್ ಲಿಡೆಕ್ಕರ್ ಆ ಪ್ರಾಣಿಗೆ ಟೈಟನೊಸಾರಸ್ ಇಂಡಿಕಸ್ ಎಂದು ಹೆಸರಿಟ್ಟ. ಉದ್ದ ಕತ್ತಿನ, ಸೊಪ್ಪು ತಿನ್ನುವ ದೈತ್ಯ ಅದು.

ಅದೇ ಸ್ತರಗಳು ಗುಜರಾತಿನ ಖೇಡಾ ಸೀಮೆಯಲ್ಲಿ ಇನ್ನಷ್ಟು ಸಂಗತಿಗಳನ್ನು ಹೊರಗೆಡವಿದವು. ರಹಿಯೋಲಿಯಲ್ಲಿ 1980ರ ದಶಕದಲ್ಲಿ ಆಯ್ದ ಎಲುಬುಗಳಿಂದ 2003ರಲ್ಲಿ ರಾಜಾಸಾರಸ್ ನರ್ಮದೆನ್ಸಿಸ್ ಎಂಬ ಮಾಂಸಾಹಾರಿಯ ಪರಿಚಯವಾಯಿತು. ಅದರ ತಲೆಯ ಮೇಲೊಂದು ಮೊಂಡು ಕೊಂಬಿತ್ತು. ಆದರೆ ಬೆರಗು ಹುಟ್ಟಿಸುವುದು ಧೋಲಿ ಡುಂಗ್ರಿಯ ಕಲ್ಲಿನ ತುಂಡು. 1984ರಲ್ಲಿ ಧನಂಜಯ ಮೊಹಬೆ ಅದನ್ನು ಪತ್ತೆಮಾಡಿದಾಗ ಕಂಡದ್ದು ಡೈನೊಸಾರ್ ಮೊಟ್ಟೆ ಮತ್ತು ಮರಿಯ ಎಲುಬು. ಬಹಳ ವರ್ಷಗಳ ಬಳಿಕ, ಆ ಎಲುಬುಗಳಲ್ಲಿ ಕೆಲವು ಹಾವಿನವು ಎಂದು ಗೊತ್ತಾಯಿತು. ಒಡೆದ ಮೊಟ್ಟೆಯೊಂದರ ಸುತ್ತ ಮೂರೂವರೆ ಮೀಟರ್ ಉದ್ದದ ಹಾವು ಸುರುಳಿ ಸುತ್ತಿದೆ. ಪಕ್ಕದಲ್ಲಿ ಆಗಷ್ಟೇ ಹೊರಬಂದ, ಅರ್ಧ ಮೀಟರಿನ ಮರಿ. ಅಷ್ಟರಲ್ಲಿ ಕೆಸರು ನುಗ್ಗಿ ಎಲ್ಲವನ್ನೂ ಮುಚ್ಚಿದೆ. 2010ರಲ್ಲಿ ಈ ಹಾವಿಗೆ ಸನಾಜೆ ಇಂಡಿಕಸ್ ಎಂದು ನಾಮಕರಣವಾಯಿತು. ಸಂಸ್ಕೃತದ ‘ಸನಾ’, ‘ಜೆ’ ಎಂಬ ತುಣುಕುಗಳಿಗೆ ‘ಪುರಾತನ ಬಾಯಿ’ ಎಂಬ ಅರ್ಥ ಹಚ್ಚಿ ಮಾಡಿದ ಹೆಸರಿದು. ವೈಯಾಕರಣರು ಮುಖ ಸಿಂಡರಿಸಬಹುದು.

ಇವೆಲ್ಲ ಅಳಿದದ್ದು ಹೇಗೆ? ಮೆಕ್ಸಿಕೊದ ಚಿಕ್ಷುಲುಬ್‌ನಲ್ಲಿ ಅಪ್ಪಳಿಸಿದ ಕ್ಷುದ್ರಗ್ರಹವೇ ಮುಖ್ಯ ಅಪರಾಧಿ ಎಂಬುದು ಬಹುತೇಕ ವಿಜ್ಞಾನಿಗಳ ಮತ. ದಖ್ಖನಿನ ಲಾವಾ ಉಗುಳಿದ ಗಂಧಕದ ಹೊಗೆ ಮತ್ತು ಇಂಗಾಲದ ಅನಿಲಗಳು ಹವೆಯನ್ನು ಮೊದಲೇ ಕೆಡಿಸಿದ್ದವೆಂದು ವಾದಿಸುವವರೂ ಇದ್ದಾರೆ. ವ್ಯಾಜ್ಯ ಇತ್ಯರ್ಥವಾಗಿಲ್ಲ. ಆಗ ಭಾರತ ಏಷ್ಯಾವನ್ನು ಸೇರದೆ ಸಮುದ್ರದ ನಡುವೆ ಉತ್ತರಕ್ಕೆ ಸರಿಯುತ್ತಿದ್ದ ಭೂಖಂಡ. ಬೆಂಕಿಯ ಬಾಗಿಲಲ್ಲೇ ಇದ್ದ ನೆಲ. ಆದರೂ ಎಲ್ಲವೂ ಸಾಯಲಿಲ್ಲ. ಪಶ್ಚಿಮ ಘಟ್ಟದ ನೆಲದೊಳಗೆ ಬದುಕುವ, 2003ರಲ್ಲಿ ಹೆಸರು ಪಡೆದ ನೇರಳೆ ಬಣ್ಣದ ಕಪ್ಪೆಯ ವಂಶ ಡೈನೊಸಾರ್‌ಗಳ ಕಾಲದಿಂದಲೂ ಬಂದಿರುವಂಥದು. ಅದರ ಹತ್ತಿರದ ಬಂಧುಗಳಿರುವುದು ಸೇಷೆಲ್ಸ್ ದ್ವೀಪಗಳಲ್ಲಿ.

ಲಾವಾ ಕಾದಿಟ್ಟದ್ದನ್ನು ಮನುಷ್ಯ ಹೇಗೆ ಕಾದ? ಟೈಟನೊಸಾರಸ್‌ಗೆ ಹೆಸರು ಕೊಡಿಸಿದ ಬಾಲದ ಎಲುಬು ಕಲ್ಕತ್ತೆಯಲ್ಲೇ ಕಣ್ಮರೆಯಾಯಿತು. ದಶಕಗಳ ಕಾಲ ವಿದ್ವಾಂಸರು ಹಳೆಯ ಚಿತ್ರಗಳನ್ನೇ ನಂಬಿ ಬರೆದರು. 2012ರಲ್ಲಿ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯ ಅಲ್ಲಿನ ಸಂಗ್ರಹದಲ್ಲೇ ಅದು ಮತ್ತೆ ಪತ್ತೆಯಾಯಿತು.

ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ 92 ಗೂಡುಗಳು, 256 ಮೊಟ್ಟೆಗಳು ಸಿಕ್ಕ ವರದಿ 2023ರ ಜನವರಿಯಲ್ಲಿ ಪ್ರಕಟವಾಯಿತು. ಅದೇ ವರ್ಷದ ಕೊನೆಗೆ ಅದೇ ಜಿಲ್ಲೆಯ ಪಾಡಲ್ಯಾ ಗ್ರಾಮದಿಂದ ಇನ್ನೊಂದು ಸುದ್ದಿ ಬಂತು. ಹೊಲದ ಗಡಿಯನ್ನೂ ದನಕರುಗಳನ್ನೂ ಕಾಯುವ ‘ಕಾಕಡ್ ಭೈರವ’ನೆಂದು ಅಲ್ಲಿನ ಕುಟುಂಬಗಳು ಪೂಜಿಸುತ್ತ ಬಂದಿದ್ದ ಗುಂಡುಕಲ್ಲುಗಳನ್ನು ತಜ್ಞರು ನೋಡಿದರು. ಅವೂ ಡೈನೊಸಾರ್ ಮೊಟ್ಟೆಗಳೇ. ತಲೆಮಾರುಗಳಿಂದ ತೆಂಗಿನಕಾಯಿ ಒಡೆಸಿಕೊಂಡಿದ್ದ ಅವು ಒಂದೂ ಕಾಣೆಯಾಗದೆ ಬದುವಿನಲ್ಲೇ ಇದ್ದವೋ ಏನೋ, ಲೆಕ್ಕ ಇಟ್ಟವರಿಲ್ಲ.