“ಸ್ಕೂಬಾ ಅಂದ್ರ ಏನ್ರಿ, ಸರ್?”

(ಸುವರ್ಣ ಮಹೋತ್ಸವದಲ್ಲಿ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಈ ಶಾಲೆಯಲ್ಲಿ ನಾನು ಮಾಡಿದ ಒಂದು ತಪ್ಪನ್ನು ಇವತ್ತು ತಿದ್ದಬೇಕಾಗಿದೆ. ಒಂಬತ್ತನೇ ತರಗತಿಯ ಹುಡುಗನೊಬ್ಬ ಪತ್ರಿಕೆಯಲ್ಲಿ ಬಂದಿದ್ದ ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಚಿತ್ರ ತೋರಿಸಿ, “ಸರ್, ಸ್ಕೂಬಾ ಅಂದ್ರ ಏನ್ರಿ?” ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಹಾಗೆನ್ನಲು ನಾಚಿಕೆ. “ಅದನ್ನ ಕಂಡುಹಿಡಿದವನ ಹೆಸರು, ಕುಂದ್ರು” ಎಂದುಬಿಟ್ಟೆ. ಪಾಪ, ಅವನು ನಂಬಿ ಬರೆದುಕೊಂಡ.

ಸ್ಕೂಬಾ ಯಾರ ಹೆಸರೂ ಅಲ್ಲ. ‘ಸೆಲ್ಫ್ ಕಂಟೇನ್ಡ್ ಅಂಡರ್‌ವಾಟರ್ ಬ್ರೀದಿಂಗ್ ಅಪ್ಯಾರೇಟಸ್’ ಎಂಬ ಐದು ಇಂಗ್ಲಿಷ್ ಪದಗಳ ಮೊದಲಕ್ಷರ ಕೂಡಿಸಿದರೆ ಸ್ಕೂಬಾ. ರೇಡಾರ್, ಲೇಸರ್ ಕೂಡ ಹೀಗೇ ಹುಟ್ಟಿದವು. ಈ ಹೆಸರು ಕೊಟ್ಟ ಶ್ರೇಯಸ್ಸು ಅಮೆರಿಕದ ವೈದ್ಯ ಕ್ರಿಶ್ಚಿಯನ್ ಲ್ಯಾಂಬರ್ಟ್ಸೆನ್ ಅವರಿಗೆ ಸಲ್ಲುತ್ತದೆ. ಅರ್ಥ ಇಷ್ಟೇ: ಉಸಿರಾಟದ ಗಾಳಿಯನ್ನು ಮುಳುಗುವವನು ತಾನೇ ಹೊತ್ತೊಯ್ಯುವ ಸಾಧನ. ಅದಕ್ಕೂ ಮೊದಲು ದೋಣಿಯ ಮೇಲಿನವರು ಪಂಪು ಹೊಡೆದು ಕೊಳವೆಯಲ್ಲಿ ಗಾಳಿ ಕಳಿಸಬೇಕಿತ್ತು.

ಹುಡುಗರೇ, ನೀವು ಬಾವಿಯಲ್ಲಿ ಪಪ್ಪಾಯಿ ಎಲೆಯ ದೇಟು ಬಾಯಲ್ಲಿಟ್ಟು ಮುಳುಗಿ ನೋಡಿರಬಹುದು. ತುಸು ಆಳಕ್ಕೆ ಹೋದರೂ ಉಸಿರು ಎಳೆಯಲಾಗುವುದಿಲ್ಲ; ನೀರು ಎದೆಯನ್ನು ಒತ್ತುತ್ತದೆ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡರಷ್ಟು. ಆದ್ದರಿಂದ ಅಲ್ಲಿನ ಒತ್ತಡಕ್ಕೆ ಸರಿಯಾಗಿ ಗಾಳಿ ಕೊಡುವ ಕವಾಟ ಬೇಕು. ಅಂಥದ್ದನ್ನು 1943ರಲ್ಲಿ ಫ್ರಾನ್ಸಿನ ಕುಸ್ಟೋ ಮತ್ತು ಗನ್ಯಾನ್ ರೂಪಿಸಿ ‘ಆಕ್ವಾ ಲಂಗ್’, ಅಂದರೆ ನೀರಿನ ಶ್ವಾಸಕೋಶ, ಎಂದರು. ಬೆನ್ನಿನ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಇರುವುದು ಬರೀ ಆಮ್ಲಜನಕವಲ್ಲ, ಒತ್ತಿ ತುಂಬಿದ ನಮ್ಮ ನಿಮ್ಮ ಗಾಳಿಯೇ. ಶುದ್ಧ ಆಮ್ಲಜನಕ ಆಳದಲ್ಲಿ ವಿಷವಾಗುತ್ತದೆ.

ಒಂದು ಪದದ ಮೂಲ ತಿಳಿದು ಏನಾಗಬೇಕು ಎನ್ನುತ್ತೀರಾ? ನಾವು ಮಸ್ಕಿಯ ಮಗ್ಗುಲಿನವರು. ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆ ‘ಅಶೋಕ’ ಎಂಬ ಹೆಸರನ್ನು ಮೊದಲು ತೋರಿಸಿದ್ದು 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಬಂಡೆ. ಅಲ್ಲಿ ಬಿರುದಿನ ಹಿಂದೆ ಮನುಷ್ಯನಿದ್ದ. ಇಲ್ಲಿ ಮನುಷ್ಯನ ಹೆಸರೆಂದು ನಾನು ಹೇಳಿದ್ದರ ಹಿಂದೆ ಐದು ಪದಗಳಿದ್ದವು.

ಇನ್ನೊಂದು ಮಾತು. ತುಂಗಭದ್ರಾ ಎಡದಂಡೆ ಕಾಲುವೆ ಸಿಂಧನೂರು ಸೀಮೆಗೆ ಭತ್ತ ಕೊಟ್ಟಿದೆ. ಮಕ್ಕಳನ್ನು ಕಸಿದುಕೊಂಡೂ ಇದೆ. ಯಾರಾದರೂ ಕಾಲುವೆಗೆ ಬಿದ್ದರೆ ಹಿಂದುಮುಂದು ನೋಡದೆ ಜಿಗಿಯಬೇಡಿ. ಹಗ್ಗ, ಪಂಚೆ, ಖಾಲಿ ಕೊಡ, ಕೈಗೆ ಸಿಕ್ಕಿದ್ದನ್ನು ಎಸೆಯಿರಿ, ಜನರನ್ನು ಕೂಗಿ ಕರೆಯಿರಿ. ಕಲಿತ ಮುಳುಗುಗಾರನೇ ಗಾಳಿ ಹೊತ್ತು ಇಳಿಯುತ್ತಾನೆ. ನಾವು ಬರಿಗೈಯಲ್ಲಿ ಇಳಿಯುತ್ತೇವೆ.

ಆ ಹುಡುಗ ಇವತ್ತು ಮೂರನೇ ಸಾಲಿನಲ್ಲಿ ತನ್ನ ಮಗಳ ಜೊತೆ ಕೂತಿದ್ದಾನೆ. ತಮ್ಮಾ, ಅಂದು ನಾನು ಹೇಳಿದ್ದನ್ನು ಹೊಡೆದುಹಾಕು. ಶಿಕ್ಷಕ ಬಂಧುಗಳೇ, ಮಕ್ಕಳು ಕೇಳಿದಾಗ “ಗೊತ್ತಿಲ್ಲ, ನಾಳೆ ನೋಡಿಕೊಂಡು ಬಂದು ಹೇಳ್ತೀನಿ” ಎನ್ನಿರಿ. ನನಗೆ ಆ ನಾಳೆ ಬರಲು ಇಷ್ಟು ವರ್ಷ ಹಿಡಿಯಿತು.