ಯಾರಿಗೆ ‘ನೀವು’?

ಮುಳಬಾಗಿಲು ತಾಲ್ಲೂಕಿನ ತಾಯಲೂರು ಕಡೆ ಹೆಸರಿಗೆ ಮನೆತನದ ಬಾಲ ಕಡಿಮೆ. ಮುನಿಯಪ್ಪ, ವೆಂಕಟಮ್ಮ ಅಂದರೆ ಮುಗಿಯಿತು, ಮುಂದೊಂದು ಇನಿಷಿಯಲ್. ಅರ್ಜಿಯ ‘ಸರ್‌ನೇಮ್’ ಖಾನೆ ಮಾತ್ರ ಪಟ್ಟು ಬಿಡದು. ಕೊನೆಗೆ ಅಪ್ಪನ ಹೆಸರೇ ಅಲ್ಲಿ ಕೂರುತ್ತದೆ. ಹೆಸರಿನ ಮಾತು ಹೋಗಲಿ ಬಿಡಿ, ಕರೆಯುವ ರೀತಿ ನೋಡಿ.

ಅದೇ ಅರ್ಜಿ ಕೊಡುವ ಕಚೇರಿಯ ಕೌಂಟರಿನಲ್ಲಿ ಇಸ್ತ್ರಿ ಅಂಗಿಯವರಿಗೆ ‘ಬನ್ನಿ ಸಾರ್’, ಕೂಲಿ ಬಿಟ್ಟು ಬಂದ ಅಜ್ಜಿಗೆ ‘ಏನಮ್ಮ ನಿಂದು?’ ವಯಸ್ಸಲ್ಲ, ಬಟ್ಟೆ ನೋಡಿ, ಎಷ್ಟೋ ಸಲ ಜಾತಿ ನೋಡಿ ಬಹುವಚನ ಹೊರಡುತ್ತದೆ.

ಇದೇ ಬಹುವಚನದಲ್ಲಿ ಗಂಡೋ ಹೆಣ್ಣೋ ಎಂಬ ತಕರಾರೇ ಇಲ್ಲದ ‘ಅವರು’ ಕೂಡ ನಮ್ಮಲ್ಲಿ ಮೊದಲಿನಿಂದಲೂ ಇದೆ. 2014ರಲ್ಲಿ ಸುಪ್ರೀಂ ಕೋರ್ಟ್ ತೃತೀಯ ಲಿಂಗವನ್ನು ಮಾನ್ಯ ಮಾಡಿತು. 2021ರಲ್ಲಿ ಕರ್ನಾಟಕ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1 ಮೀಸಲಾತಿ ಕೊಟ್ಟಿತು. ಹಾಗೆ ಕೆಲಸಕ್ಕೆ ಬಂದವರನ್ನು ಬೆನ್ನ ಹಿಂದೆ ‘ಅದು’ ಎನ್ನುವ ನಾಲಿಗೆಗೆ ಯಾವ ಆದೇಶ ಹೊರಡಿಸೋಣ?

ಇವತ್ತು ಕಚೇರಿಗೆ ಹೊರಟಿದ್ದೀರಾ? ಕಸ ಗುಡಿಸುವವರಿಂದಲೇ ಶುರುಮಾಡಿ, ‘ನೀವು’ ಅನ್ನಿ.